ಗೆಳತಿಯ ಅಣ್ಣನ ಕಥೆ ಬರೆಯುವವರಿಗೆ

ಗೆಳತಿಯ ಮನೆಗೆ ಹೋಗಿ ಬರುತ್ತಾ ಅವಳ ಅಣ್ಣನ ಮೇಲೆ ಮನಸ್ಸಾಗುವ ಹುಡುಗಿಯ ಕಥೆ ಹಳೆಯದು. ಹುಡುಗಿ ಮಾತಿನ ಮಲ್ಲಿ, ಕಾಲಿಟ್ಟಲ್ಲೆಲ್ಲ ನಗು ಹಬ್ಬಿಸುವವಳು. ಅಣ್ಣ ಗಂಟುಮೋರೆಯವನು, ಏನು ಕೇಳಿದರೂ 'ಹೂಂ', 'ಉಹೂಂ' ಬಿಟ್ಟು ಮೂರನೆಯ ಉತ್ತರ ಕೊಡದವನು. ಇಂಥ ಜೋಡಿಗೆ ಇಂಗ್ಲಿಷ್ ಪುಸ್ತಕಲೋಕದಲ್ಲಿ ಈಗ 'ಗ್ರಂಪಿ-ಸನ್‌ಶೈನ್' ಎಂಬ ಹೆಸರಿದೆ. ಓದುಗರು ಆ ಹೆಸರು ಹೇಳಿಯೇ ಪುಸ್ತಕ ಹುಡುಕುತ್ತಾರೆ. ಹೆಸರು ಹುಟ್ಟುವುದಕ್ಕೆ ಬಹಳ ಮೊದಲೇ ಕಥೆಯಿತ್ತು. ಜೇನ್ ಆಸ್ಟಿನ್ ಬರೆದಿದ್ದಾಳೆ, ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳಲ್ಲೂ ಬಂದಿದೆ.

ನಾನು ಧಾರಾವಾಹಿ ಬರೆಯುವವಳು. ಈ ಬಗೆಯ ಕಾದಂಬರಿಯೊಂದನ್ನು ಮಲೆನಾಡಿನ ಅಡಿಕೆ ತೋಟದ ಮನೆಯಲ್ಲಿಟ್ಟು ಬರೆದೆ. ಊರಿನ ಸೊಸೈಟಿಯಲ್ಲಿ ಸಾಲದ ಕೌಂಟರಿನಲ್ಲಿ ಕೂರುವ ಮಾನಸ, ಓದಲು ಮೈಸೂರಿಗೆ ಹೋಗಿರುವ ಅವಳ ಬಾಲ್ಯದ ಗೆಳತಿ ಶುಭಾ, ಅಪ್ಪ ತೀರಿಕೊಂಡ ಮೇಲೆ ತೋಟ ಹೊತ್ತುಕೊಂಡ ಶುಭಾಳ ಅಣ್ಣ ವಿನಾಯಕ, ಈ ಮೂವರ ಕಥೆ ಅದು. ಅದನ್ನು ಬರೆಯುತ್ತಾ ಕಲಿತದ್ದು ಇಲ್ಲಿದೆ. ಪ್ರೇಮಕಾದಂಬರಿ ಎಂದರೆ ಸುಲಭದ ಕೆಲಸ, ಮಧ್ಯಾಹ್ನ ಊಟವಾದ ಮೇಲೆ ಓದಿ ಮರೆಯುವಂಥದ್ದು ಎಂದು ತಿಳಿದವರು ಬಹಳ ಮಂದಿ. ಇಬ್ಬರ ನಡುವೆ ನಂಬಿಕೆ ಹುಟ್ಟುವುದನ್ನು ಹಂತಹಂತವಾಗಿ, ಓದುವವರು ಒಪ್ಪುವಂತೆ ತೋರಿಸುವುದು ಕಾದಂಬರಿಕಾರರ ಕೆಲಸಗಳಲ್ಲೇ ಕಷ್ಟದ್ದು ಎಂದು ನಾನು ತಿಳಿದಿದ್ದೇನೆ. ಈ ಟಿಪ್ಪಣಿಗಳನ್ನು ಆ ಗೌರವದಿಂದಲೇ ಬರೆದಿದ್ದೇನೆ.

1. ಮೊದಲು ಗೆಳೆತನ ಕಟ್ಟಿ, ಪ್ರೀತಿ ಆಮೇಲೆ

ಇಂಥ ಕಥೆಯನ್ನು ಅಣ್ಣನ ಪ್ರವೇಶದಿಂದ ಶುರು ಮಾಡುವವರೇ ಹೆಚ್ಚು. ಅವನ ಎತ್ತರ, ಗಡ್ಡ, ಬಾಗಿಲಿಗೆ ಒರಗಿ ನಿಂತ ಭಂಗಿ. ಅದಕ್ಕೆ ಅವಸರವಿಲ್ಲ. ಪ್ರೇಮಕಾದಂಬರಿ ಕೈಗೆತ್ತಿಕೊಂಡವರಿಗೆ ನಾಯಕ ಸಿಕ್ಕೇ ಸಿಗುತ್ತಾನೆಂದು ಗೊತ್ತು. ಆ ಬಗ್ಗೆ ಅವರಿಗೆ ಆತಂಕವಿಲ್ಲ. ಆತಂಕವಿರಬೇಕಾದದ್ದು ಗೆಳತಿಯ ವಿಷಯದಲ್ಲಿ. ಅಣ್ಣ ದಕ್ಕಿ ತಂಗಿ ದೂರವಾದರೆ ಏನು ಗತಿ? ಈ ಪ್ರಶ್ನೆ ಓದುಗರನ್ನು ಕಾಡಬೇಕಾದರೆ, ಆ ಗೆಳತಿಯನ್ನು ಕಳೆದುಕೊಂಡು ಬದುಕುವುದು ಕಷ್ಟ ಎಂಬುದು ಅವರಿಗೆ ಮೊದಲೇ ಮನದಟ್ಟಾಗಿರಬೇಕು.

ಇದನ್ನು ಆಸ್ಟಿನ್‌ಳ 'ನಾರ್ಥ್ಯಾಂಗರ್ ಅಬೆ'ಯಷ್ಟು ಚೆನ್ನಾಗಿ ಕಲಿಸುವ ಪುಸ್ತಕ ನನಗೆ ಇನ್ನೊಂದು ಕಂಡಿಲ್ಲ. ಅವಳು ತೀರಿಕೊಂಡ ಮೇಲೆ, 1817ರ ಕೊನೆಯಲ್ಲಿ ಪ್ರಕಟವಾದ ಕಾದಂಬರಿ ಅದು. ಹಳ್ಳಿಯಿಂದ ಬಾತ್ ಪಟ್ಟಣಕ್ಕೆ ಬಂದ ಕ್ಯಾಥರಿನ್‌ಗೆ ಇಬ್ಬರು ಗೆಳತಿಯರು ಸಿಗುತ್ತಾರೆ. ಇಬ್ಬರಿಗೂ ಅಣ್ಣ ತಮ್ಮಂದಿರಿದ್ದಾರೆ. ಇಸಬೆಲ್ಲಾ ಥಾರ್ಪ್ ಕಂಡ ಕೂಡಲೇ ಕೈಹಿಡಿದು ಜೀವದ ಗೆಳತಿ ಎಂದು ಸಾರುವವಳು. ಅವಳ ಸಹೋದರ ಜಾನ್, ತನ್ನ ಕುದುರೆ ಗಾಡಿಯ ಬಡಾಯಿ ಕೊಚ್ಚುತ್ತಾ ಕ್ಯಾಥರಿನ್‌ಳ ಮಾತನ್ನು ಕಿವಿಗೇ ಹಾಕಿಕೊಳ್ಳದವನು. ಎಲಿನಾರ್ ಟಿಲ್ನಿ ನಿಧಾನದವಳು, ಮಾತಿಗೆ ಬದ್ಧಳು. ಅವಳ ಸಹೋದರ ಹೆನ್ರಿಯೇ ನಾಯಕ. ಅತ್ತ ಇಸಬೆಲ್ಲಾ ಕ್ಯಾಥರಿನ್‌ಳ ಅಣ್ಣ ಜೇಮ್ಸ್‌ನನ್ನೇ ಮದುವೆಯಾಗುತ್ತೇನೆಂದು ಒಪ್ಪಿ, ಹೆಚ್ಚು ಹಣವುಳ್ಳವನು ಕಂಡಾಗ ಅವನನ್ನು ಕೈಬಿಡುತ್ತಾಳೆ. ಒಂದೇ ಪುಸ್ತಕದಲ್ಲಿ ಗೆಳತಿಯ ಅಣ್ಣನ ಕಥೆ ಮೂರು ಸಲ ನಡೆಯುತ್ತದೆ. ಗೆಳೆತನ ಪೊಳ್ಳಾದಲ್ಲಿ ಅಣ್ಣನ ಕಥೆಯೂ ಪೊಳ್ಳು, ಗಟ್ಟಿಯಾದಲ್ಲಿ ಗಟ್ಟಿ. ಹೆನ್ರಿ ಸಿಡುಕನೇನಲ್ಲ, ಬಹಳ ಚತುರ ಮಾತುಗಾರ. ಆದರೂ ಗೆಳೆತನವನ್ನು ಮೊದಲು ಅಳೆದು ತೋರಿಸುವ ಕ್ರಮವನ್ನು ನಾವು ಆ ಪುಸ್ತಕದಿಂದಲೇ ಕಲಿಯಬೇಕು.

ಗೆಳೆತನ ಕಟ್ಟುವುದೆಂದರೆ 'ಅವರಿಬ್ಬರೂ ಒಂದೇ ಜೀವ' ಎಂದು ಬರೆಯುವುದಲ್ಲ. ಇಬ್ಬರೇ ಬಲ್ಲ ಒಂದು ಹಳೆಯ ಜಗಳ ಬೇಕು, ಅದು ಹೇಗೆ ತೀರಿತೆಂಬುದು ಬೇಕು, ಒಬ್ಬಳು ಇನ್ನೊಬ್ಬಳಿಗೆ ತೀರಿಸಲಾಗದ ಋಣವೊಂದು ಬೇಕು. ಮಾನಸಳ ಅಪ್ಪ ಹೋದಾಗ ಶುಭಾ ವೈಕುಂಠ ಸಮಾರಾಧನೆಯ ತನಕ ತನ್ನ ಮನೆಗೆ ಹೋಗದೆ ಅವಳ ಪಕ್ಕದಲ್ಲೇ ಮಲಗಿದ್ದಳು. ರಾತ್ರಿ ಮಾನಸ ಎದ್ದು ಕೂತರೆ ಅವಳೂ ಎದ್ದು ಕೂರುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ವಿನಾಯಕನ ಮುಖ ಇನ್ನೂ ಸರಿಯಾಗಿ ಕಾಣುವ ಮೊದಲೇ ಈ ಪುಟ ಬಂದುಬಿಡುತ್ತದೆ. ಇದನ್ನು ಓದಿದವರು ಮುಂದೆ ಮಾನಸ ಶುಭಾಳಿಂದ ಒಂದು ವಿಷಯ ಮುಚ್ಚಿಟ್ಟಾಗ ಸುಮ್ಮನಿರಲಾರರು.

2. ಸಿಡುಕಿಗೆ ಒಂದು ಕಸುಬು, ಒಂದು ಋತು ಇರಲಿ

ಕಾರಣವಿಲ್ಲದ ಸಿಡುಕು ಮೂರನೆಯ ಅಧ್ಯಾಯಕ್ಕೆ ಬೇಸರ ತರುತ್ತದೆ. ಕಾರಣವೆಂದು ಹಳೆಯ ಪ್ರೇಮಭಂಗವೊಂದನ್ನು ತಂದಿಡುವುದು ವಾಡಿಕೆ. ವಾಣಿಯವರ 'ಎರಡು ಕನಸು' ಆ ದಾರಿಯನ್ನು ಬಹಳ ಹಿಂದೆಯೇ ಪೂರ್ತಿಯಾಗಿ ನಡೆದು ತೋರಿಸಿದೆ. 1974ರಲ್ಲಿ ದೊರೈ-ಭಗವಾನ್ ಅದನ್ನು ಸಿನಿಮಾ ಮಾಡಿದಾಗ ರಾಜ್‌ಕುಮಾರ್ ಅವರ ಮಂಕು ಮುಖ, ಕಲ್ಪನಾ ಅವರ ತಾಳ್ಮೆ ಎರಡೂ ಮನೆಮಾತಾದವು. ಹೆಂಡತಿಯ ಕಡೆ ತಿರುಗಿ ನೋಡದ ಆ ಗಂಡನನ್ನು ಪ್ರೇಕ್ಷಕರು ಸಹಿಸಿದ್ದು, ಅವನು ಕಳೆದುಕೊಂಡದ್ದನ್ನು ಅವರು ಬಲ್ಲವರಾದ್ದರಿಂದ. ಕಾರಣವನ್ನು ಓದುಗರಿಗೆ ಮೊದಲು ತಿಳಿಸಿ, ನಾಯಕಿಗೆ ತಡವಾಗಿ ತಿಳಿಸಿದರೆ ಸಿಡುಕನಿಗೆ ಸಹಾನುಭೂತಿ ಸಿಗುತ್ತದೆ. ಪೂರ್ತಿ ತಿಳಿಸಬೇಕೆಂದಿಲ್ಲ, ಅರ್ಧ ಸಾಕು.

ನಾನು ಪ್ರೇಮಭಂಗದ ಬದಲು ಅಡಿಕೆಯನ್ನು ಆರಿಸಿಕೊಂಡೆ. ಮಲೆನಾಡಿನಲ್ಲಿ ಮಳೆಗಾಲದ ತೋಟಿಗರ ಮುಖ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಮಳೆ ಹಿಡಿದು ಕೂತರೆ ಅಡಿಕೆಗೆ ಕೊಳೆ ಬರುತ್ತದೆ. ಫೈಟೋಫ್ತೋರಾ ಎಂಬ ಶಿಲೀಂಧ್ರದಂಥ ಜೀವಿಯ ಕೆಲಸ ಅದು. ಎಳೆಕಾಯಿ ನೀರು ಹತ್ತಿದಂತಾಗಿ ಉದುರುತ್ತದೆ. ತಡೆಯಲು ಮಳೆ ಹಿಡಿಯುವ ಮೊದಲೇ ಬೋರ್ಡೋ ಹೊಡೆಯಬೇಕು, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮತ್ತೆ 40–45 ದಿನಕ್ಕೆ ಇನ್ನೊಂದು ಸಲ. ಮಳೆ ಬಿಡದಿದ್ದರೆ ಮೂರನೆಯದು. ಹೊಡೆಯಲು ಮಳೆ ಹೊಳವಾಗಬೇಕು, ಹೊಳವಾದ ದಿನ ಮರ ಹತ್ತುವ ಕೊನೆಗೌಡ ಸಿಗಬೇಕು. ಹೊಳವು ಎಲ್ಲರ ತೋಟಕ್ಕೂ ಒಂದೇ ದಿನ ಬರುವುದರಿಂದ ಆ ದಿನ ಕೊನೆಗೌಡ ಯಾರಿಗೂ ಸಾಲುವುದಿಲ್ಲ. ವರ್ಷದ ಆದಾಯ ಆ ಕೆಲವು ತಾಸುಗಳ ಮೇಲೆ ನಿಂತಿರುತ್ತದೆ.

ಈಗ ವಿನಾಯಕನನ್ನು ಅಲ್ಲಿ ನಿಲ್ಲಿಸಿ. ಬೆಳಗ್ಗೆಯಿಂದ ಆಕಾಶ ನೋಡುತ್ತಿದ್ದಾನೆ. ಡ್ರಮ್ಮಿನಲ್ಲಿ ಸುಣ್ಣ ಕಲಸಿಟ್ಟಾಗಿದೆ, ಬರುತ್ತೇನೆಂದ ಆಳು ಫೋನ್ ಎತ್ತುತ್ತಿಲ್ಲ. ಆಗ ಛತ್ರಿ ತಿರುಗಿಸುತ್ತಾ ಮಾನಸ ಅಂಗಳಕ್ಕೆ ಬಂದು, 'ಏನು, ಬೆಳಿಗ್ಗೆ ಬೆಳಿಗ್ಗೆನೇ ಮೋಡದ ಹತ್ರ ಜಗಳಾನಾ?' ಎನ್ನುತ್ತಾಳೆ. ಅವನು ಉತ್ತರ ಕೊಡದೆ ಒಳಗೆ ಹೋಗುತ್ತಾನೆ. ಇದು ಸಿಡುಕು. ಓದುಗರಿಗೆ ಅದರ ಹಿಂದಿನ ಭಯ ಕಾಣುತ್ತದೆ, ಮಾನಸಳಿಗೆ ಕಾಣುವುದಿಲ್ಲ. ಪ್ರೀತಿ ಬೆಳೆಯುವುದೆಂದರೆ ಮುಂದಿನ ಮಳೆಗಾಲಕ್ಕೆ ಅವಳು ಅದೇ ಅಂಗಳಕ್ಕೆ ಬಂದು, ಮೊದಲು ಮೋಡ ನೋಡಿ, ಆಮೇಲೆ ಮಾತಾಡುವುದು. ನಿಮ್ಮ ನಾಯಕ ತೋಟಿಗನೇ ಆಗಬೇಕೆಂದಿಲ್ಲ. ಶಿವಕಾಶಿಯ ಅಚ್ಚುಕೂಟದವನಾಗಲಿ, ಮಂಗಳೂರಿನ ಬಂದರಿನವನಾಗಲಿ, ದುಬೈನಿಂದ ಕೆಲಸ ಬಿಟ್ಟು ಬಂದವನಾಗಲಿ, ಅವನ ಕಸುಬು ಅವನನ್ನು ಯಾವಾಗ ಹಿಂಡುತ್ತದೆಂಬುದು ನಿಮಗೆ ಗೊತ್ತಿರಬೇಕು. ಆಗ ಸಿಡುಕಿಗೂ ಏರಿಳಿತ ಬರುತ್ತದೆ.

3. ಸಿಡುಕು ಬೇರೆ, ಕ್ರೌರ್ಯ ಬೇರೆ

ಇಲ್ಲಿ ನಾನು ರಾಜಿಯಾಗುವುದಿಲ್ಲ. ನಾಯಕ ಕೆನ್ನೆಗೆ ಹೊಡೆದು, ಆಮೇಲೆ ನಾಯಕಿ ಅವನ ಒಳಗಿನ ಪ್ರೀತಿ ಕಂಡು ಕರಗುವ ದೃಶ್ಯಗಳನ್ನು ಓದುತ್ತಾ, ನೋಡುತ್ತಾ ನಾವು ಬೆಳೆದೆವು. ದಯವಿಟ್ಟು ಅದನ್ನು ಮತ್ತೆ ಬರೆಯಬೇಡಿ. ಪರೀಕ್ಷೆ ಸರಳ: ಅವನು ಯಾರ ಮೇಲೆ ಸಿಡುಕುತ್ತಾನೆ? ತನಗಿಂತ ಮೇಲಿನವರ ಮುಂದೆ ನಗುತ್ತಾ ಕೆಳಗಿನವರ ಮೇಲೆ ರೇಗುವವನು ನಾಯಕನಾಗಲಾರ. ವಿನಾಯಕ ಅಡಿಕೆ ವ್ಯಾಪಾರಿಯ ಹತ್ತಿರ ಗಂಟುಮೋರೆ, ದೊಡ್ಡಪ್ಪನ ಹತ್ತಿರ ಗಂಟುಮೋರೆ. ತೋಟಕ್ಕೆ ಬರುವ ಆಳಿನ ಮಗುವಿನ ಹತ್ತಿರ ಇಲ್ಲ.

'ಪ್ರೈಡ್ ಅಂಡ್ ಪ್ರೆಜುಡಿಸ್'ನ (1813) ಡಾರ್ಸಿ ಎಲ್ಲ ಗಂಟುಮೋರೆಯ ನಾಯಕರಿಗೂ ಪೂರ್ವಜ. ಮೊದಲ ನೃತ್ಯಕೂಟದಲ್ಲೇ ಎಲಿಜಬೆತ್ ಕೇಳಿಸಿಕೊಳ್ಳುವಂತೆ ಅವಳ ಬಗ್ಗೆ ಹಗುರವಾಗಿ ಮಾತಾಡುತ್ತಾನೆ. ಒಟ್ಟು 61 ಅಧ್ಯಾಯಗಳಲ್ಲಿ 34ನೆಯದರಲ್ಲಿ ಅವನು ಪ್ರೀತಿ ಹೇಳಿಕೊಂಡಾಗ ಅವಳು ಸಾಫ್ ಸೀದಾ ಬೇಡವೆನ್ನುತ್ತಾಳೆ. ಆಮೇಲೆ ಅವನು ನಡೆದುಕೊಳ್ಳುವ ರೀತಿ ನೋಡಿ. ಹಿಂದೆ ಬೀಳುವುದಿಲ್ಲ, ಕಾಡುವುದಿಲ್ಲ. ಒಂದು ಪತ್ರ ಕೊಟ್ಟು ಹೊರಡುತ್ತಾನೆ. ಅವನನ್ನು ನಾಲ್ಕು ವರ್ಷದ ಮಗುವಾಗಿದ್ದಾಗಿನಿಂದ ಬಲ್ಲ ಮನೆಯ ಮೇಲ್ವಿಚಾರಕಿ ಅವನ ಬಗ್ಗೆ ಆಡುವ ಒಳ್ಳೆಯ ಮಾತು ಎಲಿಜಬೆತ್‌ಳ ಮನಸ್ಸನ್ನು ಇನ್ನಷ್ಟು ತಿರುಗಿಸುತ್ತದೆ. ಆಳಿನ ಸಾಕ್ಷಿ ಅದು. ಆಸ್ಟಿನ್ ಅದನ್ನು ಬೇರೆ ಯಾರ ಬಾಯಲ್ಲೂ ಹೇಳಿಸಲಿಲ್ಲವೆಂಬುದನ್ನು ಗಮನಿಸಬೇಕು.

ನಾಯಕಿಗೆ ಬೇಡವೆನ್ನುವ ಅವಕಾಶ ಒಮ್ಮೆಯಾದರೂ ಸಿಗಲಿ. ಆ 'ಬೇಡ'ವನ್ನು ಅವನು ಹೇಗೆ ತೆಗೆದುಕೊಳ್ಳುತ್ತಾನೆಂಬುದರ ಮೇಲೆ ಓದುಗರು ಅವನನ್ನು ಒಪ್ಪುವುದೋ ಬಿಡುವುದೋ ನಿಂತಿದೆ.

4. ಅವಳ ನಗುವಿಗೂ ಒಂದು ಚರಿತ್ರೆ ಕೊಡಿ

ನಗುವ ಹುಡುಗಿಯನ್ನು ಬರೆಯುವುದು ಸಿಡುಕನನ್ನು ಬರೆಯುವುದಕ್ಕಿಂತ ಕಷ್ಟ. ಸ್ವಲ್ಪ ಕೈತಪ್ಪಿದರೆ ಬಾಲಿಶಳಾಗುತ್ತಾಳೆ, ಇಲ್ಲವೇ ಅವನ ಗಾಯಕ್ಕೆ ಮುಲಾಮು ಹಚ್ಚುವುದೇ ಅವಳ ಹುಟ್ಟಿನ ಉದ್ದೇಶವಾಗಿಬಿಡುತ್ತದೆ. ಅವಳಿಗೂ ಅವಳದೇ ಕೆಲಸ, ಅವಳದೇ ದಣಿವು ಇರಬೇಕು.

ಮಾನಸಳನ್ನು ಸೊಸೈಟಿಯ ಸಾಲದ ಕೌಂಟರಿನಲ್ಲಿ ಕೂರಿಸಿದ್ದು ಇದಕ್ಕಾಗಿ. ಅಲ್ಲಿಗೆ ಬರುವವರೆಲ್ಲ ತಲೆ ತಗ್ಗಿಸಿಕೊಂಡೇ ಬರುತ್ತಾರೆ. ಕಂತು ಕಟ್ಟಲಾಗದವರು, ಬೆಳೆ ಸಾಲ ನವೀಕರಿಸಲು ಬಂದವರು, ಜಾಮೀನಿಗೆ ಸಹಿ ಹಾಕಿ ಸಿಕ್ಕಿಕೊಂಡವರು. ಅವರ ಮುಜುಗರ ಕಡಿಮೆ ಮಾಡಲು ಅವಳು ಮೊದಲು ಮಳೆಯ ಮಾತು, ಮೊಮ್ಮಗನ ಮಾತು ಎತ್ತುತ್ತಾಳೆ, ಫಾರಮ್ಮು ಆಮೇಲೆ. ಅಪ್ಪನ ಸಾಲಕ್ಕೆ ಅಮ್ಮ ಅದೇ ಕೌಂಟರಿನ ಈಚೆ ನಿಂತು ಕಣ್ಣೀರು ಹಾಕಿದ್ದನ್ನು ಚಿಕ್ಕಂದಿನಲ್ಲಿ ನೋಡಿದವಳು ಅವಳು. ಅಲ್ಲಿ ಕೂತಿದ್ದವರು ಮುಖವೆತ್ತಿಯೂ ನೋಡಿರಲಿಲ್ಲ. ಅವಳ ನಗು ಅಲ್ಲಿಂದ ಬಂತು. ಅದು ಅವಳು ಬೇಕೆಂದೇ ಬೆಳೆಸಿಕೊಂಡ ಗುಣ. ಸಂಜೆ ಮನೆಗೆ ಬಂದಾಗ ಅವಳಿಗೆ ಯಾರೊಂದಿಗೂ ಮಾತು ಬೇಡವೆನಿಸುವ ದಿನಗಳೂ ಇವೆ. ಮಾತಿಲ್ಲದೆ ಪಕ್ಕದಲ್ಲಿ ಕೂರಬಲ್ಲವನು ಊರಲ್ಲಿ ಒಬ್ಬನೇ ಇದ್ದಾನೆ. ಗಂಟುಮೋರೆಯವನು ಅವಳಿಗೆ ಯಾಕೆ ಬೇಕು ಎಂಬ ಪ್ರಶ್ನೆಗೆ ಹೀಗೆ ಉತ್ತರ ಸಿಗುತ್ತದೆ. ಬಹಳಷ್ಟು ಕಥೆಗಳಲ್ಲಿ ಅವನಿಗೆ ಅವಳು ಯಾಕೆ ಬೇಕೆಂದು ಗೊತ್ತಾಗುತ್ತದೆ, ಅವಳಿಗೆ ಅವನು ಯಾಕೆಂದು ಕೊನೆಯವರೆಗೂ ತಿಳಿಯುವುದಿಲ್ಲ.

ನಗುವ ಹೆಣ್ಣಿನ ಒಳಗನ್ನು ನೋಡುವುದು ಹೇಗೆಂದು ಕಲಿಯಬೇಕಾದರೆ ತ್ರಿವೇಣಿಯವರನ್ನು ಓದಿ. ಅವರು ಮನಃಶಾಸ್ತ್ರ ಓದಿದವರು. 'ಶರಪಂಜರ'ದ ಕಾವೇರಿ ಎಷ್ಟು ಲವಲವಿಕೆಯವಳು, ಆ ಲವಲವಿಕೆ ಮುರಿದಾಗ ಸುತ್ತಲಿನವರು ಹೇಗೆ ಹಿಂದೆ ಸರಿಯುತ್ತಾರೆ! ನಗುವವಳು ಒಂದು ದಿನ ನಗದಿದ್ದರೆ ಮನೆಯವರೆಲ್ಲ ತಬ್ಬಿಬ್ಬಾಗುತ್ತಾರೆ. ಆ ಒಂದು ದಿನವನ್ನು ನಿಮ್ಮ ಕಾದಂಬರಿಯಲ್ಲಿ ಬರೆಯಲೇಬೇಕು.

5. ಏನೆಂದು ಕರೆಯುತ್ತಾಳೆಂದು ಮೊದಲ ಅಧ್ಯಾಯದಲ್ಲೇ ತೀರ್ಮಾನಿಸಿ

ಕನ್ನಡದಲ್ಲಿ ಈ ಕಥೆ ಬರೆಯುವವರಿಗೆ ಇಂಗ್ಲಿಷಿನವರಿಗಿಲ್ಲದ ತೊಡಕೊಂದಿದೆ. ನಮ್ಮ ಊರುಗಳಲ್ಲಿ ಗೆಳತಿಯ ಅಣ್ಣ ಎಲ್ಲರಿಗೂ ಅಣ್ಣ. 'ವಿನಾಯಕಣ್ಣ' ಎಂದು ಹತ್ತು ವರ್ಷ ಕರೆದವನನ್ನು ಹನ್ನೊಂದನೆಯ ವರ್ಷ ಪ್ರೀತಿಸಿದರೆ ಓದುಗರಿಗೆ ಇರುಸುಮುರುಸಾಗುತ್ತದೆ, ಆಗಬೇಕಾದದ್ದೇ. ಇದನ್ನು ಹಾರಿಸಿ ಮುಂದೆ ಹೋಗುವಂತಿಲ್ಲ.

ಪೂರ್ತಿ ಇಂಗ್ಲಿಷಿನವರಿಗಿಲ್ಲವೆಂದೂ ಹೇಳಲಾಗದು. 'ಎಮ್ಮಾ'ದಲ್ಲಿ ನೈಟ್ಲಿಯ ತಮ್ಮ ಎಮ್ಮಾಳ ಅಕ್ಕನ ಗಂಡ. ನೈಟ್ಲಿ ಅವಳಿಗಿಂತ ಹದಿನಾರು ವರ್ಷ ದೊಡ್ಡವನು, ಅವಳನ್ನು ಮಗುವಾಗಿದ್ದಾಗಿನಿಂದ ಗದರಿಸುತ್ತಾ ಬಂದವನು. ಕ್ರೌನ್ ಹೋಟೆಲಿನ ನೃತ್ಯಕೂಟದಲ್ಲಿ, ತಾವು ಜೊತೆಯಾಗಿ ಕುಣಿಯಬಾರದಷ್ಟು ಅಣ್ಣ-ತಂಗಿಯರೇನಲ್ಲವಲ್ಲ ಎಂಬ ಮಾತು ಅವಳಿಂದ ಬರುತ್ತದೆ, ಖಂಡಿತ ಅಲ್ಲವೆಂದು ಅವನು ಥಟ್ಟನೆ ಹೇಳುತ್ತಾನೆ. ಅಲ್ಲಿಂದ ಓದುಗರಿಗೆ ಅವನನ್ನು ಪ್ರೇಮಿಯಾಗಿ ನೋಡಲು ಅಪ್ಪಣೆ ಸಿಕ್ಕಂತಾಯಿತು. ಆ ಒಂದು ಕ್ಷಣವನ್ನು ಆಸ್ಟಿನ್ ಕಾದಂಬರಿಯ ಅರ್ಧಕ್ಕೂ ಹೆಚ್ಚು ದೂರ ಕಾದು ತಂದಿದ್ದಾಳೆ.

ನಮ್ಮಲ್ಲಿ ದಾರಿ ಬೇರೆ ಇದೆ. ಗೆಳತಿಯ ಅಮ್ಮನನ್ನು ಅವಳು ಏನೆಂದು ಕರೆಯುತ್ತಾಳೆ? ದೊಡ್ಡಮ್ಮ, ಚಿಕ್ಕಮ್ಮ ಎಂದರೆ ಆಕೆಯ ಮಗ ಅಣ್ಣನೇ ಆದ. ಅತ್ತೆ ಎಂದರೆ ಬಾಗಿಲು ತೆರೆದೇ ಇದೆ, ಯಾಕೆಂದರೆ ನಮ್ಮ ಹಲವು ಸಮುದಾಯಗಳಲ್ಲಿ ಅತ್ತೆಯ ಮಗನನ್ನು ಮದುವೆಯಾಗುವುದು ನಡೆದುಬಂದದ್ದು. ಮಾನಸ ಮೊದಲ ಅಧ್ಯಾಯದಲ್ಲೇ 'ಅತ್ತೇ, ಮಜ್ಜಿಗೆ ಇದ್ಯಾ?' ಎನ್ನುತ್ತಾ ಒಳಗೆ ಬರುತ್ತಾಳೆ. ಯಾರೂ ಅದನ್ನು ಗಮನಿಸುವುದಿಲ್ಲ. ವಿನಾಯಕನಿಗೋ ಅವಳು ಯಾವ ಹೆಸರೂ ಇಡುವುದಿಲ್ಲ. ಕನ್ನಡದ ಕ್ರಿಯಾಪದ ಇಲ್ಲಿ ನಮ್ಮ ಕೈಹಿಡಿಯುತ್ತದೆ: 'ಬರ್ತೀರಾ?', 'ಊಟ ಆಯ್ತಾ?', 'ಶುಭಾ ಫೋನ್ ಮಾಡಿದ್ಲಾ?' ಎಂದು ಕರೆಯದೆಯೇ ಇಡೀ ಕಾದಂಬರಿ ಮಾತಾಡಬಹುದು. ಶುಭಾಳ ಹತ್ತಿರ ಮಾತಾಡುವಾಗ 'ನಿಮ್ಮಣ್ಣ'. ಅವನು ಅವಳಿಗೆ ಮೊದಲಿಂದ 'ನೀನು' ಎನ್ನುತ್ತಾನೆ, ತಂಗಿಯ ಗೆಳತಿ ತಾನೇ. ಪ್ರೀತಿ ಮೂಡುತ್ತಿದ್ದಂತೆ ಅವನಿಗೆ ಆ 'ನೀನು' ಕಷ್ಟವಾಗತೊಡಗಿ ಒಂದೆರಡು ಅಧ್ಯಾಯ ಏಕವಚನ ಬಹುವಚನ ಎರಡೂ ತಪ್ಪಿಸಿಕೊಂಡು ಮಾತಾಡುತ್ತಾನೆ. ಅದನ್ನು ಮೊದಲು ಗುರುತಿಸುವವಳು ಅವನ ಅಮ್ಮ.

6. ಮಾತಿಲ್ಲದವನ ಪ್ರೀತಿ ಅವನ ಕೆಲಸದಲ್ಲಿ ಕಾಣಲಿ

ಮಾತು ಕಡಿಮೆಯವನ ಬಾಯಿಂದ ಎರಡು ಪುಟದ ಪ್ರೇಮನಿವೇದನೆ ಬರೆಸಬೇಡಿ. ಹಾಗೆಂದು ಅವನು ಗೂಂಡಾಗಳಿಂದ ಅವಳನ್ನು ಕಾಪಾಡಬೇಕಾಗಿಯೂ ಇಲ್ಲ. ಅವನು ಯಾರೂ ಕೇಳದೆ, ಯಾರಿಗೂ ಹೇಳದೆ ಮಾಡುತ್ತಾ ಬಂದ ಒಂದು ಕೆಲಸ ಸಾಕು.

ಮಾನಸಳ ಮನೆಗೂ ಸೊಸೈಟಿಗೂ ನಡುವೆ ಒಂದು ಹಳ್ಳವಿದೆ, ಅದರ ಮೇಲೆ ಅಡಿಕೆ ಮರದ ಸಂಕ. ಮಳೆಗಾಲಕ್ಕೆ ಮುಂಚೆ ಅದರ ದಬ್ಬೆ ಬದಲಿಸದಿದ್ದರೆ ಕಾಲಿಟ್ಟವರು ಹಳ್ಳದ ಪಾಲು. ಪ್ರತಿವರ್ಷ ಮೇ ತಿಂಗಳ ಕೊನೆಗೆ ಸಂಕ ಹೊಸದಾಗಿರುತ್ತದೆ. ಪಂಚಾಯ್ತಿಯವರು ಮಾಡಿಸುತ್ತಾರೆಂದು ಅವಳು ತಿಳಿದಿದ್ದಾಳೆ. ಒಮ್ಮೆ ಪಂಚಾಯ್ತಿ ಸದಸ್ಯರಿಗೆ ಥ್ಯಾಂಕ್ಸ್ ಕೂಡ ಹೇಳುತ್ತಾಳೆ. ಅವರೂ ತಲೆಯಾಡಿಸುತ್ತಾರೆ. ಸತ್ಯ ತಿಳಿಯುವುದು ಬಹಳ ತಡವಾಗಿ, ಅದೂ ದಬ್ಬೆ ಸೀಳುವಾಗ ವಿನಾಯಕನ ಅಂಗೈಗೆ ಆದ ಗಾಯಕ್ಕೆ ಅವನ ಅಮ್ಮ ಅರಿಶಿನ ಹಚ್ಚುತ್ತಾ ಬೈಯುವ ಮಾತಿನಲ್ಲಿ.

ಇಂಥದನ್ನು ಹುಡುಕುವಾಗ ಒಂದು ಗೆರೆ ನೆನಪಿಡಿ: ಉಪಕಾರ ಅವಳ ದಾರಿಯನ್ನು ಸುಗಮ ಮಾಡಬೇಕು, ಅವಳ ಪರವಾಗಿ ತೀರ್ಮಾನ ಮಾಡಬಾರದು. ಅವಳಿಗೆ ಹೇಳದೆ ಅವಳ ಸಾಲ ತೀರಿಸುವ, ಅವಳಿಗೆ ಬಂದ ಸಂಬಂಧವನ್ನು ತಪ್ಪಿಸುವ ನಾಯಕರು ನನಗೆ ಬೇಡ.

7. ಒಂದೇ ಮಳೆ ಸಾಕು

ಇಬ್ಬರನ್ನೂ ಒಂದೇ ಸೂರಿನಡಿ ಸಿಕ್ಕಿಸಲು ಮಳೆ, ಕರೆಂಟು ಹೋಗುವುದು, ಕೊನೆಯ ಬಸ್ಸು ತಪ್ಪುವುದು, ಜ್ವರ, ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಯಾವುದಾದರೂ ಒಂದನ್ನು ಆರಿಸಿಕೊಂಡು ಅದಕ್ಕೊಂದು ಇಡೀ ಅಧ್ಯಾಯ ಕೊಡಿ. ನಾಲ್ಕನ್ನೂ ಬಳಸಿದರೆ ನಾಲ್ಕೂ ನಂಬಿಕೆ ಕಳೆದುಕೊಳ್ಳುತ್ತವೆ.

8. ಗೆಳತಿಗೆ ತಿಳಿಯುವ ಅಧ್ಯಾಯವೇ ಕಥೆಯ ಎದೆ

ಪಮೇಲಾ ರೀಜಿಸ್ ಎಂಬ ಅಮೆರಿಕನ್ ವಿದ್ವಾಂಸೆ 2003ರಲ್ಲಿ ಪ್ರೇಮಕಾದಂಬರಿಯ ಸ್ವರೂಪದ ಮೇಲೊಂದು ಪುಸ್ತಕ ಬರೆದರು. ಪ್ರತಿ ಪ್ರೇಮಕಾದಂಬರಿಗೂ ಎಂಟು ಅಂಗಗಳಿರುತ್ತವೆ ಎನ್ನುವುದು ಅವರ ವಾದ. ಭೇಟಿ, ಅಡ್ಡಿ, ಆಕರ್ಷಣೆ, ನಿವೇದನೆ ಮುಂತಾದವುಗಳ ಜೊತೆಗೆ ಅವರು ಗುರುತಿಸುವ ಒಂದು ಅಂಗ, ಇನ್ನು ಇವರಿಬ್ಬರೂ ಸೇರುವುದೇ ಇಲ್ಲ ಎನ್ನಿಸುವ ಗಳಿಗೆ. ಆ ಗಳಿಗೆಯಲ್ಲಿ ಕಥೆ ಸಾವಿನ ಹತ್ತಿರ ಹೋಗಿ ಬರುತ್ತದೆ. ಗೆಳತಿಯ ಅಣ್ಣನ ಕಥೆಯಲ್ಲಿ ಆ ಗಳಿಗೆ ಗೆಳತಿಯರಿಬ್ಬರ ನಡುವೆ ಬರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರೇಮಿಗಳ ನಡುವೆ ಬೇಕಾದರೆ ಚಿಕ್ಕ ವಿರಸವಿರಲಿ.

ನನ್ನ ಕಥೆಯಲ್ಲಿ ಶುಭಾಳ ಓದಿಗೆಂದು ವಿನಾಯಕ ತೋಟ ಅಡವಿಟ್ಟಿದ್ದಾನೆ. ಪಹಣಿಯಲ್ಲಿ ಋಣದ ಕಲಂ ತುಂಬಿದೆ. ಆ ಕಾಗದಗಳು ಸೊಸೈಟಿಯಲ್ಲಿ ಮಾನಸಳ ಕೈಯಿಂದಲೇ ಹಾದುಹೋಗಿವೆ. ಶುಭಾಳಿಗೆ ಗೊತ್ತಾದರೆ ಅವಳು ಓದು ಬಿಟ್ಟು ಊರಿಗೆ ಬರುತ್ತಾಳೆಂದು ಅವನಿಗೆ ಗೊತ್ತು, 'ಅವ್ಳಿಗೆ ಹೇಳ್ಬೇಡ' ಎಂದು ಕೇಳುತ್ತಾನೆ. ಇಡೀ ಕಾದಂಬರಿಯಲ್ಲಿ ಅವನು ಅವಳನ್ನು ಕೇಳುವ ಒಂದೇ ಒಂದು ಉಪಕಾರ ಅದು. ಗ್ರಾಹಕರ ವಿಷಯ ಹೊರಗೆ ಆಡಬಾರದೆಂಬುದು ಅವಳ ಕೆಲಸದ ನಿಯಮವೂ ಹೌದು. ಹೀಗೆ ಪ್ರೀತಿ, ಕೆಲಸ ಎರಡೂ ಅವಳ ಬಾಯಿ ಕಟ್ಟುತ್ತವೆ, ಗೆಳೆತನ ಒಂದೇ ಬಾಯಿ ಬಿಡು ಎನ್ನುತ್ತದೆ.

ಬರೆಯುವವರು ಸಾಮಾನ್ಯವಾಗಿ ಗೆಳತಿಗೆ ಆಕಸ್ಮಿಕವಾಗಿ ತಿಳಿಯುವಂತೆ ಮಾಡುತ್ತಾರೆ. ಬಾಗಿಲ ಸಂದಿಯಿಂದ ಕಾಣುತ್ತದೆ, ಮೊಬೈಲಿನಲ್ಲಿ ಮೆಸೇಜು ಸಿಗುತ್ತದೆ. ಆ ದೃಶ್ಯಕ್ಕೆ ಸದ್ದು ಜಾಸ್ತಿ, ತೂಕ ಕಡಿಮೆ. ನಾಯಕಿ ತಾನಾಗಿ ಹೋಗಿ ಹೇಳಬೇಕು. ತನಗೆ ಆಗಬಹುದಾದ ನಷ್ಟ ಗೊತ್ತಿದ್ದೂ ಹೇಳಬೇಕು. ಮಾನಸ ಮೊದಲು ವಿನಾಯಕನ ಹತ್ತಿರ ಹೋಗಿ, ತಾನು ಕೊಟ್ಟ ಮಾತಿನಿಂದ ಬಿಡುಗಡೆ ಕೇಳುತ್ತಾಳೆ. 'ನೀವೇ ಹೇಳಿ. ಇಲ್ಲ ಅಂದ್ರೆ ನಂಗೆ ಅವಳ ಮುಖ ನೋಡೋಕಾಗಲ್ಲ, ನಿಮ್ಮ ಮುಖಾನೂ ನೋಡೋಕಾಗಲ್ಲ.' ಅವನು ಸಾಲದ ಮಾತು ಹೇಳುತ್ತಾನೆ. ಪ್ರೀತಿಯ ಮಾತನ್ನು ಮಾನಸ ಹೇಳುತ್ತಾಳೆ, ರಾತ್ರಿ ಬಸ್ಸು ಹತ್ತಿ ಮೈಸೂರಿಗೇ ಹೋಗಿ. ಫೋನಿನಲ್ಲಿ ಹೇಳಬಾರದ ಮಾತು ಅದೆಂದು ಅವಳಿಗೆ ಗೊತ್ತು.

ಶುಭಾ ಸಿಟ್ಟಾಗುತ್ತಾಳೆ. ಆ ಸಿಟ್ಟಿನ ಕಾರಣವನ್ನು ಸರಿಯಾಗಿ ಹಿಡಿಯಿರಿ. 'ನನ್ನ ಅಣ್ಣನನ್ನು ಹೇಗೆ ಪ್ರೀತಿಸಿದೆ' ಎಂಬ ಸಿಟ್ಟು ತೆಳುವಾದದ್ದು. ಮಾನಸಳಂಥ ಗೆಳತಿ ಅತ್ತಿಗೆಯಾಗಿ ಬರುವುದು ಯಾರಿಗೆ ಬೇಡ? ಶುಭಾಳನ್ನು ಸುಟ್ಟದ್ದು ಬೇರೆ. ತನ್ನ ಮನೆಯ ಕಷ್ಟ ತನ್ನನ್ನು ಬಿಟ್ಟು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ತನ್ನನ್ನು ಮಗುವಿನಂತೆ ಕಂಡರು. 'ನಿಮ್ಮಪ್ಪ ಹೋದಾಗ ನಾನು ನಿನ್ನ ಪಕ್ಕ ಕೂತಿದ್ದೆ. ನನ್ನ ಮನೆ ಮುಳುಗ್ತಿರೋವಾಗ ನೀನು ನಂಗೆ ಪಕ್ಕ ಕೂರೋಕೂ ಬಿಡ್ಲಿಲ್ಲ' ಎನ್ನುತ್ತಾಳೆ. ಮೊದಲ ಅಧ್ಯಾಯದ ಋಣ ಇಲ್ಲಿ ವಸೂಲಿಗೆ ಬರುತ್ತದೆ. ಮಾನಸಳ ಹತ್ತಿರ ಇದಕ್ಕೆ ಉತ್ತರವಿಲ್ಲ, ಇರಲೂ ಬಾರದು. ಅವಳ ತಪ್ಪು ನಿಜವಾದದ್ದು, ಅವಳ ಸಂಕಟವೂ ನಿಜವಾದದ್ದು.

ರಾಜಿಗೆ ಅವಸರ ಮಾಡಬೇಡಿ. ಹಬ್ಬವೋ ಆಸ್ಪತ್ರೆಯೋ ಬಂದು ಎಲ್ಲರನ್ನೂ ಒಂದುಗೂಡಿಸುವುದು ಬೇಡ. ಶುಭಾ ಅಡಿಕೆ ಕೊಯ್ಲಿಗೆ ಊರಿಗೆ ಬಂದು, ಸಾಲದ ಲೆಕ್ಕವೆಲ್ಲ ತನ್ನ ಮುಂದೆ ಇಡಿ ಎಂದು ಸೊಸೈಟಿಯ ಕೌಂಟರಿಗೇ ಬರುತ್ತಾಳೆ. ಗ್ರಾಹಕಳಾಗಿ ಬಂದವಳಿಗೆ ಮಾನಸ ಕಾಗದಗಳನ್ನು ಒಂದೊಂದಾಗಿ ತೋರಿಸುತ್ತಾಳೆ. ಅವರಿಬ್ಬರ ಮಾತು ಮತ್ತೆ ಶುರುವಾಗುವುದು ಬಡ್ಡಿ ದರದಿಂದ.

9. ಕಂತಿನ ಲೆಕ್ಕ

ವಾರಪತ್ರಿಕೆಗೆ ಬರೆಯುವವರಿಗೆ ಏಳು ದಿನ ಕಾಯುವ ಓದುಗರಿದ್ದಾರೆ. 1965ರಿಂದ ಬರುತ್ತಿರುವ 'ಸುಧಾ'ದಂಥ ಪತ್ರಿಕೆಯನ್ನು ಧಾರಾವಾಹಿಗಾಗಿಯೇ ಹಿಂದಿನ ಪುಟದಿಂದ ತೆರೆಯುತ್ತಿದ್ದವರನ್ನು ನಾನು ಬಲ್ಲೆ. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿಯಂಥ ವೇದಿಕೆಯಲ್ಲಿ ಕಂತು ಚಿಕ್ಕದು, ಓದುಗರು ಅಲ್ಲೇ ಪ್ರತಿಕ್ರಿಯೆ ಬರೆಯುತ್ತಾರೆ, 'ಬೇಗ ಸೇರಿಸಿ' ಎಂದು ಒತ್ತಾಯಿಸುತ್ತಾರೆ. ಆ ಪ್ರೀತಿಗೆ ಕೃತಜ್ಞರಾಗಿರಿ, ಒತ್ತಾಯಕ್ಕೆ ಮಣಿಯಬೇಡಿ. ಸಿಡುಕನ ಮೊದಲ ನಗು ಐದನೆಯ ಕಂತಿಗೇ ಬಂದುಬಿಟ್ಟರೆ ಮುಂದೆ ಕೊಡಲು ನಿಮ್ಮ ಕೈಯಲ್ಲಿ ಬಹಳ ಉಳಿದಿರುವುದಿಲ್ಲ. ಕಂತಿನ ಕೊನೆಗೆ ಅಪಘಾತ, ಬಾಗಿಲ ಬಡಿತಗಳಿಗಿಂತ ವ್ಯಕ್ತಿಯ ಬಗ್ಗೆ ಹುಟ್ಟುವ ಪ್ರಶ್ನೆ ಹೆಚ್ಚು ಕಾಲ ಉಳಿಯುತ್ತದೆ: ಪಂಚಾಯ್ತಿಯವರಲ್ಲದಿದ್ದರೆ ಸಂಕ ಕಟ್ಟಿದ್ದು ಯಾರು?

10. ಅವನು ಸಿಡುಕನಾಗಿಯೇ ಉಳಿಯಲಿ

ಸುಖಾಂತ ಈ ಪ್ರಕಾರದ ಒಪ್ಪಂದ. ಓದುಗರು ಅದನ್ನು ನಂಬಿ ನಿಮ್ಮ ಜೊತೆ ಬಂದಿರುತ್ತಾರೆ, ಕೊನೆಯ ಪುಟದಲ್ಲಿ ಅದನ್ನು ಮುರಿಯುವುದು ದೊಡ್ಡ ಸಾಹಿತ್ಯವಾಗುವುದಿಲ್ಲ. ಆದರೆ ಪ್ರೀತಿಯಿಂದ ಅವನ ಗುಣವೇ ಬದಲಾಗಿ ಮದುವೆ ಮನೆಯಲ್ಲಿ ನಗೆಚಾಟಿಕೆ ಹಾರಿಸುತ್ತಾ ಓಡಾಡುವಂತೆ ಬರೆಯಬೇಡಿ. ಅವಳು ಒಪ್ಪಿದ್ದು ಗಂಟುಮೋರೆಯವನನ್ನೇ. ಮುಂದಿನ ಮಳೆಗಾಲಕ್ಕೂ ಅವನು ಬೆಳಗ್ಗೆ ಎದ್ದು ಮೋಡ ನೋಡಿ ಮುಖ ಗಂಟಿಕ್ಕುತ್ತಾನೆ. ಬದಲಾಗಿರುವುದು ಇಷ್ಟು: ಭಯವಾದಾಗ ಭಯವಾಗುತ್ತಿದೆ ಎಂದು ಒಬ್ಬಳ ಹತ್ತಿರ ಹೇಳಬಲ್ಲ.

ಶುಭಾಳ ಕಥೆಯನ್ನೂ ಮುಗಿಸಬೇಕು. ಅವಳು ಓದು ಬಿಡುವುದಿಲ್ಲ, ಸಾಲದ ಒಂದು ಪಾಲು ತನ್ನ ಸಂಬಳದಿಂದ ತೀರಿಸುತ್ತೇನೆಂದು ಕಾಗದದಲ್ಲಿ ಸಹಿ ಹಾಕುತ್ತಾಳೆ. ಅಣ್ಣ ಬೇಡವೆನ್ನುತ್ತಾನೆ, ಅವಳು ಕೇಳುವುದಿಲ್ಲ.

ಕರಡು ಮುಗಿದ ಮೇಲೆ ಗೆಳತಿ ಬರುವ ಪುಟಗಳನ್ನಷ್ಟೇ ಬೇರೆ ತೆಗೆದು, ಒಂದರ ಹಿಂದೊಂದು ಇಟ್ಟು ಓದಿ. ಅವಳೊಬ್ಬಳ ಕಥೆಯಾಗಿ ಅದು ನಿಲ್ಲುತ್ತದೆಯೇ ನೋಡಿ. ಗುಟ್ಟು ಕೇಳಲು, ರೇಗಿಸಲು, ಕೊನೆಗೆ ಹರಸಲು ಮಾತ್ರ ಅವಳು ಬಂದಿದ್ದರೆ ಆ ಪುಟಗಳನ್ನು ಹೊಸದಾಗಿ ಬರೆಯಬೇಕಾಗುತ್ತದೆ. ಮಧ್ಯದ ಎಷ್ಟು ಅಧ್ಯಾಯ ಅವಳಿಲ್ಲದೆ ಕಳೆದಿವೆ ಎಂದು ಗುರುತು ಹಾಕಿ. ಅಂಗಳದಲ್ಲಿ ಅವಳ ಅಣ್ಣನೂ ಗೆಳತಿಯೂ ಮೊದಲ ಸಲ ಕಣ್ಣೆತ್ತಿ ನೋಡಿದ ಸಂಜೆ, ಮೈಸೂರಿನ ಹಾಸ್ಟೆಲ್ಲಿನಲ್ಲಿ ಅವಳು ಏನು ಮಾಡುತ್ತಿದ್ದಳೆಂಬುದು ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಸಂಪಾದಕರಿಗೆ ಪ್ರತಿ ಕಳಿಸುವ ಮೊದಲು ಆ ಸಂಜೆಯನ್ನು ಬರೆಯಿರಿ.